ಕರೆದುಕೊಂಡು ಬರುವ ಹುದ್ದೆ

ಕಮಲಾಪುರ
೨೩ ಜೂನ್ ೧೯೫೨

ಮನೆಯವರ ಪಾದಗಳಿಗೆ ವಿಮಲಾ ಮಾಡುವ ನಮಸ್ಕಾರ. ಅತ್ತೆಯವರಿಗೂ ನಮಸ್ಕಾರ ಹೇಳಿರಿ. ಈ ಕಾಗದ ಅವರಿಗೆ ಓದಿ ಹೇಳುವಿರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ, ಆದ್ದರಿಂದ ಮೊದಲೇ ತಿಳಿಸುತ್ತೇನೆ: ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ಸೊರಗಿಲ್ಲ.

ಶಾಲೆ ಶುರುವಾಗಿ ಎರಡು ವಾರವಾಯಿತು. ನಾಗಣ್ಣ ಶೆಟ್ಟರು ಬಾಡಿಗೆಗೆ ಕೊಟ್ಟ ಆ ಹಳೆಯ ಮನೆಯ ಪಡಸಾಲೆಯೇ ನನ್ನ ಶಾಲೆ. ಕಳೆದ ವರ್ಷದವರೆಗೆ ಇಲ್ಲಿ ಉರ್ದು ಓದಿಸುತ್ತಿದ್ದರು, ಈಗ ಕನ್ನಡ. ನಲವತ್ತಕ್ಕೆ ಒಂದೆರಡು ಕಡಿಮೆ ಹುಡುಗಿಯರಿದ್ದಾರೆ. ನಾನು ಬಂದು ಬಾಗಿಲು ತೆರೆಯುವ ಹೊತ್ತಿಗೆ ಆಯಾ ಚಾಂದಬಿ ಊರು ಸುತ್ತಲು ಹೊರಟಿರುತ್ತಾಳೆ. ಅದೊಂದು ನೋಡುವಂಥ ನೋಟ. ಪ್ರತಿ ಮನೆಯ ಕಟ್ಟೆಯ ಕೆಳಗೆ ನಿಂತು, "ಅವ್ವಾ, ನಿನ್ ಮಗಳ್ನ ಕೊಡು, ಸಂಜೀಕ ವಾಪಸ್ ಕೊಡ್ತೀನಿ" ಎಂದು ಕೂಗುತ್ತಾಳೆ. ತಾಯಿ ಹುಡುಗಿಯ ಕೈ ಹಿಡಿದು ಆಕೆಯ ಕೈಗೆ ಕೊಡುತ್ತಾಳೆ. ಸಂಜೆ ಅದೇ ಕೈ ತಾಯಿಯ ಕೈಗೆ ಮರಳುತ್ತದೆ. ನಡುವೆ ಬೇರೆ ಯಾರೂ ಇಲ್ಲ. ಇದು ಈ ಊರಿನ ಪದ್ಧತಿ. ಹೆಣ್ಣು ಹುಡುಗಿ ತಾನಾಗಿ ಬೀದಿಗಿಳಿದು ಶಾಲೆಗೆ ನಡೆದರೆ, ಅದು ಕಲಿಯಲು ಹೋದದ್ದಲ್ಲ, ತಿರುಗಲು ಹೋದದ್ದು.

ನಾಲ್ಕು ವರ್ಷದ ಹಿಂದೆ ಪೋಲೀಸ್ ಆಕ್ಷನ್ ಆದಾಗ, ಪಲ್ಟನ್ ಬಂತೆಂದು ಊರೆಲ್ಲ ಅಗಳಿ ಹಾಕಿಕೊಂಡ ದಿನವೂ ಚಾಂದಬಿ ಒಬ್ಬೊಬ್ಬ ಹುಡುಗಿಯನ್ನೂ ಮನೆ ಮುಟ್ಟಿಸಿದಳಂತೆ. ಆಮೇಲೆ ಮುಸಲ್ಮಾನರ ಮೇಲೆ ಕೈ ಎದ್ದಾಗ ಆಕೆಯನ್ನು ಮುಟ್ಟಿಸುವವರು ಯಾರೂ ಇರಲಿಲ್ಲ. ಆಗ ಶೆಟ್ಟರ ಹೆಂಡತಿ ಗುಂಡಮ್ಮ ತಮ್ಮ ದನದ ಕೊಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟುಕೊಂಡು ಕಾಪಾಡಿದರು. ಆ ಗುಂಡಮ್ಮನ ಮಗಳು ಬಂಡೆಮ್ಮ ನನ್ನ ನಾಲ್ಕನೆಯ ತರಗತಿಯ ಜಾಣೆ. ಶಾಲೆ ಬಿಟ್ಟರೆ ಮರುದಿನವೇ ಅವಳಿಗೆ ವರ ನೋಡುತ್ತಾರೆ, ಮನೆಯಲ್ಲಿ ಆಗಲೇ ಮಾತು ನಡೆದಿದೆ.

ನಿಮ್ಮ ವಿದ್ಯಾ ಇಲಾಖೆಯ ತಾಲೀಮಾತ ಕಚೇರಿಯಲ್ಲಿ ಏನೋ ಕಡಿತದ ಸುದ್ದಿ ಇದೆಯಂತೆ. ನಿಜವೇ?

ನಿಮ್ಮ
ವಿಮಲಾ


ಕಲಬುರಗಿ, ಗುಡಿಯ ಹಿಂದಿನ ಓಣಿ
೨ ಜುಲೈ ೧೯೫೨

ಚಿ. ಸೌ. ವಿಮಲಾಳಿಗೆ ಆಶೀರ್ವಾದ.

ಅವ್ವನಿಗೆ ಕಾಗದ ಓದಿದೆ. "ಸೊರಗಿಲ್ಲ ಅಂತ ಬರದಾಳಂದ್ರ ಸೊರಗ್ಯಾಳ" ಎಂದಳು. ಅವಳ ಲೆಕ್ಕವೇ ಹಾಗೆ.

ಕಡಿತ ನಿಜ. ಕಚೇರಿಯಲ್ಲಿ ಅದಕ್ಕೆ ತಖ್ಫೀಫು ಎನ್ನುತ್ತಾರೆ. ಹೆಸರು ಹೂವಿನಂತಿದೆ, ಕೆಲಸ ಕುಡುಗೋಲಿನದು. ನಮ್ಮ ಸರ್ಕಾರದ ಖಜಾನೆ ಎಂದರೆ ಕೊನೆಗೂ ಗಂಜ್ ಪೇಟೆಯ ತಕ್ಕಡಿಯೇ. ಈ ವರ್ಷ ಹತ್ತಿ, ಶೇಂಗಾ ಎರಡರ ದರವೂ ನೆಲ ಕಚ್ಚಿದೆ. ವ್ಯಾಪಾರಿ ಅಳುತ್ತಾನೆ, ವ್ಯಾಪಾರಿ ಅತ್ತರೆ ಸರ್ಕಾರ ಸೀನುತ್ತದೆ, ಸರ್ಕಾರ ಸೀನಿದರೆ ಶಾಲೆಗೆ ಜ್ವರ. ಹೊಸ ಸರ್ಕಾರ ಬಂದಾಗ ಊರೂರಿಗೆ ಶಾಲೆ ಎಂದರು. ಈಗ ಹೈದರಾಬಾದಿನಿಂದ ಬರುವ ಕಾಗದಗಳಲ್ಲಿ ಇದ್ದ ಶಾಲೆಯನ್ನು ಹೇಗೆ ತೆಳ್ಳಗೆ ಮಾಡಬಹುದೆಂಬ ಮಾತೇ ಹೆಚ್ಚು. ಯೋಚಿಸಿದರೆ ಆಶ್ಚರ್ಯವಿಲ್ಲ. ರಸ್ತೆಯ ಕೆಲಸ ನಿಲ್ಲಿಸಿದರೆ ಗುತ್ತೇದಾರ ಮಂತ್ರಿಯ ಬಾಗಿಲಿಗೆ ಹೋಗಿ ಕೂಗುತ್ತಾನೆ. ಶಾಲೆ ನಿಲ್ಲಿಸಿದರೆ ಕೂಗುವವರಾರು? ಮಕ್ಕಳು ರಜೆ ಸಿಕ್ಕಿತೆಂದು ಕುಣಿಯುತ್ತವೆ.

ಈಗ ಸಂತೋಷದ ಸುದ್ದಿ. ಪ್ರತಿ ಹೆಣ್ಣುಮಕ್ಕಳ ಶಾಲೆಯಿಂದ ಒಂದು ಹುದ್ದೆ ಬಿಡಬೇಕೆಂದು ಹುಕುಂ ಬಂದಿತ್ತು. ಕೆಲವು ತಾಲ್ಲೂಕುಗಳಲ್ಲಿ ಉಪಾಧ್ಯಾಯಿನಿಯರನ್ನೇ ಬಿಟ್ಟರು. ನಮ್ಮ ಜಿಲ್ಲೆಯ ಪಟ್ಟಿ ಬರೆದವನು ನಾನು. ಕಲಿಸುವ ಕೈ ಉಳಿಯಲಿ, ಕರೆಯುವ ಕಾಲು ಹೋಗಲಿ ಎಂದು ಸಾಹೇಬರ ಎದುರು ವಾದ ಮಾಡಿ ಗೆದ್ದೆ. ಆಯಾಗಳ ಹುದ್ದೆ ಹೋಯಿತು, ನಿನ್ನದು ಉಳಿಯಿತು. ಹುಡುಗಿಯರಿಗೆ ಕಾಲಿದೆ, ಊರು ಅಂಗೈಯಷ್ಟಿದೆ, ತಾವೇ ಬರುತ್ತಾರೆ. ಆ ದಿನ ಮನೆಗೆ ಬರುವಾಗ ಅರ್ಧ ಸೇರು ಪೇಡೆ ತಂದೆ. ನಿನ್ನ ಪಾಲು ಅವ್ವ ಇರುವೆ ಹತ್ತದಂತೆ ನೀರಿನ ತಟ್ಟೆಯ ನಡುವೆ ಇಟ್ಟಿದ್ದಾಳೆ.

ಸೂರ್ಯಕಾಂತ


ಕಮಲಾಪುರ
೩೦ ಜುಲೈ ೧೯೫೨

ಮನೆಯವರಿಗೆ ನಮಸ್ಕಾರ.

ಹುಕುಂ ಮುಟ್ಟಿತು. ಚಾಂದಬಿಗೆ ಓದಿ ಹೇಳಿದೆ. ಆಕೆ ಒಂದೇ ಮಾತು ಕೇಳಿದಳು: "ನನ್ ಕೈಯಾಗ ಏನರ ತಪ್ಪಾತೇನ್ರೀ ಅಕ್ಕೋರ?" ಇಲ್ಲ ಎಂದೆ. ಶೇಂಗಾದ ದರ ಬಿದ್ದಿದೆ ಎಂದೆ. ಆಕೆ ಅಂದು ಸಂಜೆಯೂ ಹುಡುಗಿಯರನ್ನು ಮನೆ ಮುಟ್ಟಿಸಿದಳು. ಮಾರನೆಯ ದಿನ ಕಲಬುರಗಿಯಲ್ಲಿರುವ ಮಗಳ ಮನೆಗೆ ಹೊರಟುಹೋದಳು.

ನನ್ನ ಹುದ್ದೆ ಉಳಿಸಿದ್ದಕ್ಕೆ ಉಪಕಾರವಾಯಿತು. ಪಂಚಮಿಗೆ ಬರಲಾಗಲಿಲ್ಲ, ಕೆಲಸವಿತ್ತು. ಪೇಡೆಯನ್ನು ಓಣಿಯ ಮಕ್ಕಳಿಗೆ ಕೊಡಿರಿ.

ವಿಮಲಾ


ಕಲಬುರಗಿ
೫ ಆಗಸ್ಟ್ ೧೯೫೨

ಚಿ. ಸೌ. ವಿಮಲಾಳಿಗೆ.

ಕಾಗದ ಚಿಕ್ಕದಾದರೂ ಮನಸ್ಸು ತುಂಬಿತು. ಉಪಕಾರವಾಯಿತು ಎಂದು ಗಂಡನಿಗೆ ಬರೆಯುವ ಹೆಂಡತಿ ಇಡೀ ಕಲಬುರಗಿಯಲ್ಲಿ ಇರಲಿಕ್ಕಿಲ್ಲ. ಕಚೇರಿಯಲ್ಲಿ ಗೆಳೆಯ ಇನಾಯತನಿಗೆ ಹೇಳಿದೆ. "ಸುನೋ ಭಾಯಿ, ಹೆಂಡ್ತಿ ಶುಕ್ರಿಯಾ ಅಂದ್ಲಂದ್ರ ಹುಷಾರ್ ಇರ್ಬೇಕು" ಎಂದು ನಕ್ಕ. ಅವನಿಗೆ ಮೊದಲಿನಿಂದಲೂ ಹೊಟ್ಟೆಯುರಿ.

ಪಂಚಮಿಗೆ ಅವ್ವ ಜೋಕಾಲಿ ಕಟ್ಟಿಸಿದ್ದಳು. ತಾನೇ ಕೂತು ಎರಡು ಸಲ ಜೀಕಿ, "ಸೊಸಿ ಬಂದಿದ್ರ ತೂಗ್ತಿದ್ಳು" ಎಂದು ಇಳಿದಳು. ನಾನು ತೂಗುತ್ತೇನೆಂದರೆ ಬೇಡವೆಂದಳು. ಶಾಲೆಯ ಸುದ್ದಿ ಬರೆ.

ಸೂರ್ಯಕಾಂತ


ಕಮಲಾಪುರ
೨೪ ಆಗಸ್ಟ್ ೧೯೫೨

ಮನೆಯವರಿಗೆ ನಮಸ್ಕಾರ.

ಶಾಲೆ ನಡೆದಿದೆ. ಈಗ ನಾನೇ ಬೆಳಿಗ್ಗೆ ಮನೆ ಮನೆಗೆ ಹೋಗಿ ಹುಡುಗಿಯರನ್ನು ಕರೆಯುತ್ತೇನೆ. ಅತ್ತೆಯವರು ನಗಲೆಂದು ಬರೆಯುತ್ತಿದ್ದೇನೆ.

ಚಾಂದಬಿ ಕಟ್ಟೆಯ ಕೆಳಗೆ ನಿಂತು ಕೂಗುತ್ತಿದ್ದಳು. ಆಯಾ ಆದ್ದರಿಂದ ನಡೆಯುತ್ತಿತ್ತು. ನಾನು ಅಕ್ಕೋರು. ಅಕ್ಕೋರನ್ನು ಬೀದಿಯಲ್ಲಿ ನಿಲ್ಲಿಸಲಿಕ್ಕಾಗುತ್ತದೆಯೇ? ಮೊದಲ ದಿನ ಮೊದಲ ಮನೆಯಲ್ಲಿ ಕಂಬಳಿ ಹಾಸಿದರು. "ಅಕ್ಕೋರು ನಮ್ಮ ಮನಿಗಿ ಬಂದಾರ, ಹಾಂಗs ಕಳಸಾಕ ಬರ್ತದೇನು? ಕೂಡ್ರಿ, ಚಹಾ ಕುಡೀರಿ." ಚಹಾ ಆಯಿತು. ಎರಡನೆಯ ಮನೆಯವರು ಮೊದಲ ಮನೆಯ ಚಹಾದ ವಿಷಯ ಕೇಳಿ ಮಂಡಕ್ಕಿಯ ಸುಸಲಾ ಮಾಡಿದರು. ಮೂರನೆಯ ಮನೆಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು, ಜೊತೆಗೆ ಕುಂಕುಮ, ಎಲೆ ಅಡಿಕೆ. ಬೇಡವೆಂದರೆ ಮುತ್ತೈದೆ ಬೇಡವೆಂದಳೆಂದು ಮುಖ ಚಿಕ್ಕದು ಮಾಡುತ್ತಾರೆ. ಆರನೆಯ ಮನೆ ಮುಗಿಯುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ಹಿಂದೆ ನೋಡಿದರೆ, ಮೊದಲ ಮನೆಯಿಂದ ಕರೆತಂದ ಹುಡುಗಿ ಇಲ್ಲ. ಕಾದು ಕಾದು ಮನೆಗೆ ಹೋಗಿ ಕಸ ಗುಡಿಸುತ್ತಿದ್ದಳು.

ಹೀಗೆ ಊರ ಚಹಾ ಎಲ್ಲ ನನ್ನ ಹೊಟ್ಟೆಯಲ್ಲಿದೆ. ಹುಡುಗಿಯರು ಬರುತ್ತಾರೆ, ಸ್ವಲ್ಪ ತಡವಾಗಿ. ಚಿಂತೆ ಮಾಡಬೇಡಿರಿ.

ವಿಮಲಾ


ಕಲಬುರಗಿ
೩ ಸೆಪ್ಟೆಂಬರ್ ೧೯೫೨

ಚಿ. ಸೌ. ವಿಮಲಾಳಿಗೆ.

ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಿನಗೆ ಅಲ್ಲಿ ಇಷ್ಟು ಆದರವೆಂದು ನನಗೂ ಸಮಾಧಾನ. ಇಲ್ಲಿ ನಾನು ಒಣ ರೊಟ್ಟಿ ಕಡಿಯುತ್ತಿದ್ದರೆ ಅಲ್ಲಿ ನನ್ನ ಹೆಂಡತಿಗೆ ದಿನಾಲೂ ಬೀಗರೂಟ!

ಒಂದು ವಿಷಯ ತಿಳಿದಿರಲಿ. ದೀಪಾವಳಿ ದಾಟಿದ ಮೇಲೆ ಹೆಣ್ಣುಮಕ್ಕಳ ಶಾಲೆಗಳ ತಪಾಸಣೆ ಇದೆ. ಹೈದರಾಬಾದಿನಿಂದ ಒಬ್ಬ ಹೆಣ್ಣು ಅಧಿಕಾರಿ ಬರುತ್ತಾರೆ, ಎಲ್ಲರೂ ಬಾಯಿಯವರು ಎನ್ನುತ್ತಾರೆ. ತಪಾಸಣೆಯ ದಿನ ಮೂವತ್ತು ಹುಡುಗಿಯರಿಗಿಂತ ಕಡಿಮೆ ಇದ್ದರೆ ಆ ಶಾಲೆಯನ್ನು ಗಂಡುಮಕ್ಕಳ ಶಾಲೆಯೊಳಗೆ ಸೇರಿಸುತ್ತಾರೆ, ಉಪಾಧ್ಯಾಯಿನಿಯ ಹುದ್ದೆ ಇರುವುದಿಲ್ಲ. ನಿನಗೆ ಅದರ ಭಯವಿಲ್ಲ ಎಂದುಕೊಂಡಿದ್ದೇನೆ. ಒಂದು ವೇಳೆ ಹಾಗಾದರೂ ಏನು? ನೀನು ಮನೆಗೆ ಬರುತ್ತೀ. ಅವ್ವ ಆ ಮಾತು ಕೇಳಿ, "ಆದ್ರ ಆಗ್ಲಿ ಬಿಡು, ಬಂಗಾರದಂಥಾ ಸೊಸಿ ಮನಿಯಾಗ ಇರ್ತಾಳ" ಎಂದಳು. ಅದೂ ನಷ್ಟವೇನಲ್ಲ, ಅಲ್ಲವೇ?

ಸೂರ್ಯಕಾಂತ


ಕಮಲಾಪುರ
೧೦ ಸೆಪ್ಟೆಂಬರ್ ೧೯೫೨

ಈ ಕಾಗದ ಅತ್ತೆಯವರಿಗೆ ಓದಬೇಡಿರಿ.

ನನ್ನ ಶಾಲೆಗೆ ಈಗ ಬರುತ್ತಿರುವವರು ಹನ್ನೊಂದು ಜನ. ಅವರೂ ಇದೇ ಓಣಿಯವರು, ತಮ್ಮ ಕಟ್ಟೆಯಿಂದ ನಮ್ಮ ಪಡಸಾಲೆ ಕಾಣುವವರು. ಉಳಿದವರು ಜುಲೈಯಿಂದಲೇ ಒಬ್ಬೊಬ್ಬರಾಗಿ ನಿಂತರು. ಯಾರೂ ಜಗಳವಾಡಲಿಲ್ಲ, ಯಾರೂ ಬೇಡವೆನ್ನಲಿಲ್ಲ. "ಕರಿಯಾಕ ಬಂದ್ರ ಕಳಸ್ತೀವ್ರಿ" ಎಂದರು, ಅಷ್ಟೆ. ನಾನು ಕರೆಯಲು ಹೋದದ್ದು ಏನಾಯಿತೆಂದು ನಿಮಗೆ ಬರೆದೆ. ನೀವು ನಕ್ಕಿರಿ. ನಾನು ಬರೆದದ್ದೇ ನಗುವಂತೆ ಇತ್ತು, ಅದಕ್ಕೆ ನಿಮ್ಮನ್ನು ಅನ್ನುವುದಿಲ್ಲ.

ಆದರೆ ನಷ್ಟವೇನಲ್ಲ ಎಂದಿರಲ್ಲ, ಆ ಮಾತನ್ನು ಐದಾರು ದಿನದಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಮದುವೆಯಾದ ಮೇಲೆ ನನ್ನನ್ನು ಟ್ರೇನಿಂಗಿಗೆ ಕಳಿಸಿದವರು ನೀವು. ಓಣಿಯವರ ಬಾಯಿ ಮುಚ್ಚಿಸಿದವರು ನೀವು. ಈಗ ಹೆಂಡತಿ ದೂರವಾದಳೆಂದು ಕಂಡು, ಬಾಯಿಂದ ಬಾ ಎನ್ನಲು ನಾಚಿ, ಲೆಕ್ಕಣಿಕೆಯಿಂದ ಕರೆಸಿಕೊಳ್ಳುತ್ತಿದ್ದೀರಾ? ಆಯಾ ಹೋದರೆ ಹುಡುಗಿಯರು ಹೋಗುತ್ತಾರೆ, ಹುಡುಗಿಯರು ಹೋದರೆ ಶಾಲೆ ಹೋಗುತ್ತದೆ, ಶಾಲೆ ಹೋದರೆ ವಿಮಲಾ ಮನೆಗೆ ಬರುತ್ತಾಳೆ. ಇದು ನಿಮಗೆ ಮೊದಲೇ ಹೊಳೆದಿರಲಿಲ್ಲವೆಂದು ನಾನು ಹೇಗೆ ನಂಬಲಿ? ನೀವು ದಡ್ಡರಲ್ಲ.

ಕಾಗದದ ಮೇಲೆ ನನ್ನ ಹುದ್ದೆ ಉಳಿದಿದೆ. ನಾನು ಕಲಿಸುತ್ತಿರುವುದು ಗೋಡೆಗೆ. ನಿನ್ನೆ ಬಂಡೆಮ್ಮ ಬಂದು, "ಅಕ್ಕೋರೇ, ಸಾಲಿ ಮುಚ್ಚೂದಿದ್ರ ನಂಗ ಮೊದ್ಲs ಹೇಳ್ರಿ, ನಮ್ ಪಾಠದ ಪುಸ್ತಕ ಪೂರಾ ಓದಿ ಮುಗಸ್ತೀನಿ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಉತ್ತರ ಬರೆಯುವ ಅವಸರ ಬೇಡ.

ವಿಮಲಾ


ಕಲಬುರಗಿ
೧೪ ಅಕ್ಟೋಬರ್ ೧೯೫೨

ವಿಮಲಾ,

ನಾಲ್ಕು ಸಲ ಬರೆದು ಹರಿದೆ. ಕಾಗದ ಬಂತೇ ಎಂದು ಅವ್ವ ಕೇಳಿದಾಗೆಲ್ಲ ಟಪಾಲಿನವನ ಮೇಲೆ ಸುಳ್ಳು ಹೇಳಿದೆ. ಪಾಪ, ಅವನಿಗೆ ಅವ್ವ ಬಾಗಿಲಲ್ಲೇ ನಿಂತು ಬೈದಳು.

ನೀನು ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತೇನೆ. ನೀನು ಮನೆಯಲ್ಲಿರಬೇಕೆಂಬ ಆಸೆ ನನಗೆ ಇದೆ. ದಿನಾ ಇದೆ. ಕಂದೀಲು ಹಚ್ಚುವಾಗ ಇದೆ, ಉಣ್ಣುವಾಗ ಇದೆ. ಆದರೆ ಪಟ್ಟಿ ಬರೆದ ದಿನ ಆ ಆಸೆ ನನ್ನ ಕೈ ಹಿಡಿದಿರಲಿಲ್ಲ. ಆ ದಿನ ನಾನು ನಿಜಕ್ಕೂ ದಡ್ಡನೇ ಆಗಿದ್ದೆ. ನಾನು ಹುಟ್ಟಿದ್ದು ಇಲ್ಲಿ, ಗುಡಿಯ ನೆರಳಿನಲ್ಲಿ. ಇಲ್ಲಿ ಹುಡುಗಿಯರು ಗುಡಿಗೆ ಬಂದಹಾಗೆ ಶಾಲೆಗೂ ಬರುತ್ತಾರೆ. ನಿನ್ನ ಮೊದಲ ಕಾಗದದಲ್ಲೇ ನೀನು ಎಲ್ಲ ಬರೆದಿದ್ದೆ, ನಾನು ಅವ್ವನಿಗೆ ಓದಿ ಹೇಳಿದೆ, ನನಗಾಗಿ ಓದಿಕೊಳ್ಳಲಿಲ್ಲ.

ಮೊನ್ನೆ ಗಂಜಿನಲ್ಲಿ ಯಾರೋ ಚಾಂದಬಿ ಎಂದು ಹೆಸರು ಹಿಡಿದು ಕರೆದರು, ಕೇಳಿದರೆ ನಿನ್ನ ಚಾಂದಬಿಯೇ. ಅಡತಿ ಅಂಗಡಿಯ ಮುಂದೆ ಹೆಂಗಸರ ಸಾಲಿನಲ್ಲಿ ಕೂತು ಶೇಂಗಾ ಆರಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ಎದ್ದು ನಿಂತು ಸಲಾಮು ಮಾಡಿದಳು. ಆಮೇಲೆ ಕೈಯಲ್ಲಿದ್ದ ಶೇಂಗಾ ನನಗೆ ತೋರಿಸಿ, "ಇದರ ದರಾ ಬಿದ್ದದ್ದಕ್ಕs ನನ್ ನೌಕರಿ ಹೋತಂತ ಅಕ್ಕೋರು ಹೇಳಿದ್ರು ಸಾಹೇಬ. ಅದಕ್ಕs ಇದರ ಕಡೀನೇ ಬಂದು ಕುಂತೀನಿ" ಎಂದಳು. ವ್ಯಂಗ್ಯವಿರಲಿಲ್ಲ, ಅದೇ ನನ್ನನ್ನು ಕೊಂದಿತು. ಮತ್ತೆ ಊರಿಗೆ ಹೋಗಿ ಹುಡುಗಿಯರನ್ನು ಕರೆಯುತ್ತೀಯಾ ಎಂದೆ. "ಸರ್ಕಾರ ಬ್ಯಾಡ ಅಂದದ. ಹುಕುಂ ಇಲ್ದs ಹ್ಯಾಂಗ ಕರೀಲಿ? ನಾಳಿ ಒಂದು ಹುಡುಗಿಗಿ ಏನರ ಆತಂದ್ರ, ನೀ ಯಾರು ಕರದಾಕಿ ಅಂತ ಕೇಳ್ತಾರ. ಆವಾಗ ನಾ ಯಾರಂತ ಹೇಳ್ಲಿ?"

ಅವಳ ಮಾತು ಸರಿ. ಕಡಿತ ಮಾಡುವವನಿಗೆ ಕಾಣುವುದು ಹುದ್ದೆಯ ಹೆಸರು ಮಾತ್ರ. ಆಯಾ ಎಂದು ಬರೆದಿತ್ತು, ಹೊಡೆದು ಹಾಕಿದೆ. ಶಾಲೆಯ ಬಾಗಿಲು ಎಂದು ಬರೆದಿದ್ದರೆ ಮುಟ್ಟುತ್ತಿರಲಿಲ್ಲ.

ಆದ್ದರಿಂದ ಹುಕುಂ ಹುಡುಕಿದೆ. ಆವರಣದಲ್ಲಿ ಬಾವಿ ಇಲ್ಲದ ಶಾಲೆಗೆ ನೀರು ತುಂಬುವಾಕೆಯ ಹುದ್ದೆ ಇರಬಹುದು, ಅದು ಕಡಿತದಲ್ಲಿ ಸೇರಿಲ್ಲ. ನಿನ್ನ ಶಾಲೆಯಲ್ಲಿ ಬಾವಿ ಇಲ್ಲ. ಚಾಂದಬಿಯನ್ನು ಆ ಹುದ್ದೆಗೆ ಬರೆದು ಸಾಹೇಬರ ಸಹಿ ಮಾಡಿಸಿದೆ. ಸೋಮವಾರದ ಮೋಟಾರಿಗೆ ಅವಳು ಹೊರಡುತ್ತಾಳೆ. ಅವಳ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಬೇಗ ಬರೆ ಎನ್ನುವ ಧೈರ್ಯ ನನಗಿಲ್ಲ.

ಸೂರ್ಯಕಾಂತ


ಕಮಲಾಪುರ
೫ ನವೆಂಬರ್ ೧೯೫೨

ಮನೆಯವರಿಗೆ ನಮಸ್ಕಾರ.

ಮೊದಲು ಟಪಾಲಿನವನಿಗೆ ದೀಪಾವಳಿಯ ಹೋಳಿಗೆ ಕೊಟ್ಟಿರೋ ಇಲ್ಲವೋ ತಿಳಿಸಿರಿ.

ಚಾಂದಬಿ ಬಂದಳು. ಮೋಟಾರಿನಿಂದ ಇಳಿದವಳೇ ಗಂಟನ್ನು ಶಾಲೆಯಲ್ಲಿಟ್ಟು ಮನೆ ಮನೆಯ ಕಟ್ಟೆಯ ಕೆಳಗೆ ನಿಂತು, "ಅವ್ವಾ, ಹುಕುಂ ಬಂದದ" ಎಂದು ಕೂಗಿದಳು. ಮಾರನೆಯ ದಿನ ಹತ್ತೊಂಬತ್ತು ಹುಡುಗಿಯರು ಬಂದರು. ಈಗ ದಿನಕ್ಕೊಬ್ಬರು ಇಬ್ಬರು ಹೆಚ್ಚುತ್ತಿದ್ದಾರೆ.

ಆದರೆ ನನ್ನ ಜಾಣ ಗಂಡನೇ, ಹುದ್ದೆ ಬರೆಯುವಾಗ ನಿಮ್ಮ ತಲೆಗೆ ಹುದ್ದೆ ಹೊಳೆಯಿತು, ನೀರು ಹೊಳೆಯಲಿಲ್ಲವೇ? ಚಾಂದಬಿ ತುಂಬಿದ ನೀರನ್ನು ಈ ಹುಡುಗಿಯರು ಕುಡಿಯುತ್ತಾರೆಯೇ? ಮೊದಲ ದಿನ ಆಕೆ ಪಾಪ ಕೊಡ ಎತ್ತಿಕೊಂಡು ಹೊರಟಾಗ ಎದುರು ಮನೆಯ ಗುಂಡಮ್ಮನೇ ಓಡಿ ಬಂದು ತಡೆದರು. ಕೊಟ್ಟಿಗೆಯಲ್ಲಿಟ್ಟು ಆಕೆಯ ಜೀವ ಉಳಿಸಿದ ಗುಂಡಮ್ಮ! "ಚಾಂದಬಿ, ನೀ ನನ್ ತಂಗಿ ಇದ್ಹಾಂಗ ಖರೆ, ಆದ್ರ ನೀರು ಬ್ಯಾಡವ್ವ." ಚಾಂದಬಿಯೂ "ಹೌದಲಾ, ನಂಗ ಮರತs ಹೋಗಿತ್ತು" ಎಂದು ಕೊಡ ಕೆಳಗಿಟ್ಟಳು. ಇಬ್ಬರೂ ಅಲ್ಲಿಯೇ ನಿಂತು ಮೊಮ್ಮಕ್ಕಳ ಸುದ್ದಿ ಮಾತಾಡಿದರು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಮಗಳನ್ನು ಆಕೆಯ ಕೈಗೆ ಕೊಡುತ್ತಾರೆ, ಆಕೆಯ ಕೈಯಿಂದ ನೀರು ತೆಗೆದುಕೊಳ್ಳುವುದಿಲ್ಲ. ಅವರನ್ನು ಏಕೆ ಅನ್ನಲಿ? ನಾನೂ ಇದುವರೆಗೆ ಕುಡಿದಿಲ್ಲ.

ಹೀಗಾಗಿ ಕಾಗದದ ಮೇಲೆ ನೀರು ತುಂಬುವಾಕೆ ಚಾಂದಬಿ, ನೀರು ತರುವವಳು ಬಂಡೆಮ್ಮ. ಚಾಂದಬಿ ಕೊಡದ ಹತ್ತಿರ ಕೂಡ ಸುಳಿಯುವುದಿಲ್ಲ. ತಪಾಸಣೆಯ ಬಾಯಿಯವರಿಗೆ ಇದು ತಿಳಿದರೆ ಏನಾಗುತ್ತದೆ?

ಮತ್ತೊಂದು ಮಾತು. ನಿಮ್ಮ ಕಾಗದದ ಕಂದೀಲಿನ ಸಾಲನ್ನು ಎರಡು ಸಲ ಓದಿದೆ. ಸೆಪ್ಟೆಂಬರಿನಲ್ಲಿ ಬರೆದದ್ದಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ, ಆದರೆ ಬರೆಯದೇ ಇದ್ದಿದ್ದರೆ ನೀವು ಗಂಜಿನಲ್ಲಿ ಚಾಂದಬಿಯನ್ನು ಮಾತಾಡಿಸುತ್ತಿರಲಿಲ್ಲ.

ನಿಮ್ಮ
ವಿಮಲಾ


ಕಲಬುರಗಿ
೨೧ ನವೆಂಬರ್ ೧೯೫೨

ಚಿ. ಸೌ. ವಿಮಲಾಳಿಗೆ.

ನೀರಿನ ಸಂಗತಿ ಅವ್ವನಿಗೆ ಓದಿದಾಗ ಅವಳು ತಲೆ ಬಡಿದುಕೊಂಡಳು. "ಕಚೇರಿಗಿ ಹೋಗಿ ಹೋಗಿ ನಿನ್ ಬುದ್ಧಿ ನೀರಪಾಲಾಗ್ಯಾದ ನೋಡು."

ಡಿಸೆಂಬರ್ ಎರಡನೆಯ ವಾರ ಬಾಯಿಯವರು ಕಮಲಾಪುರಕ್ಕೆ ಬರುತ್ತಾರೆ. ಕಟ್ಟುನಿಟ್ಟು ಎಂದು ಕೇಳಿದ್ದೇನೆ. ಜೇವರ್ಗಿ ಕಡೆಯ ಎರಡು ಶಾಲೆ ಮುಚ್ಚಲು ಬರೆದು ಬಂದಿದ್ದಾರೆ. ನೀರಿನ ಹುದ್ದೆ ಬರೀ ಹೆಸರಿಗೆ ಎಂದು ಕಂಡರೆ ಹುದ್ದೆಯೂ ಹೋಗುತ್ತದೆ, ಚಾಂದಬಿಯೂ ಹೋಗುತ್ತಾಳೆ, ಮತ್ತೆ ಹನ್ನೊಂದು ಹುಡುಗಿಯರಿಗೆ ಬರುತ್ತೀ. ಬರೆದವನು ನಾನು, ನನಗೇನಾದರೂ ಆದರೆ ಆಗಲಿ, ಅದನ್ನು ಲೆಕ್ಕಕ್ಕಿಡಬೇಡ. ಆ ದಿನ ಚಾಂದಬಿಯನ್ನು ಕೊಡದ ಪಕ್ಕದಲ್ಲಿ ಕೂಡಿಸು.

ಇಲ್ಲಿ ಎರಡನೆಯ ಸುತ್ತಿನ ತಖ್ಫೀಫು ಶುರುವಾಗಿದೆ. ಈ ಸಲ ಶಾಲೆಗಳದ್ದಲ್ಲ, ಕಚೇರಿಗಳದ್ದು. ವಿಶೇಷವೇನಿಲ್ಲ. ಚಳಿ ಬಿದ್ದಿದೆ, ಶಾಲು ಹೊದ್ದುಕೋ.

ಸೂರ್ಯಕಾಂತ


ಕಮಲಾಪುರ
೧೩ ಡಿಸೆಂಬರ್ ೧೯೫೨

ಮನೆಯವರಿಗೆ, ಅತ್ತೆಯವರಿಗೆ ನಮಸ್ಕಾರ. ಇದನ್ನು ನಿಧಾನವಾಗಿ ಓದಿ ಹೇಳಿರಿ.

ನಿನ್ನೆ ತಪಾಸಣೆ ಆಯಿತು. ಮೂವತ್ನಾಲ್ಕು ಹುಡುಗಿಯರು ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಕೂತಿದ್ದರು. ಬಾಯಿಯವರು ಬೂದು ಬಣ್ಣದ ಸೀರೆಯವರು, ನಗುವುದಿಲ್ಲ, ಬೈಯುವುದೂ ಇಲ್ಲ. ತಲೆ ಎಣಿಸಿದರು. ಕೂಡಿಸುವುದು ಕಳೆಯುವುದು ಕೇಳಿದರು. ಒಂದನೆಯ ತರಗತಿಯ ಹುಡುಗಿ ಅಕ್ಷರ ಬರೆಯುವಾಗ ಬಳಪ ಮುರಿದಾಗ ತಾವೇ ಎತ್ತಿಕೊಟ್ಟರು. ಗೆದ್ದೆವು ಎಂದುಕೊಂಡೆ.

ಆಗ ಅವರಿಗೆ ನೀರಡಿಸಿತು.

ಬಂಡೆಮ್ಮ ದಿನದ ರೂಢಿಯಂತೆ ತಟ್ಟನೆ ಎದ್ದು ಕೊಡದ ಕಡೆ ಹೋದಳು. ಬಾಯಿಯವರು ತಡೆದರು. "ಹುಡುಗಿಯರು ಕೂತುಕೊಳ್ಳಲಿ. ನಿಮ್ಮ ಶಾಲೆಗೆ ನೀರಿನ ಹುದ್ದೆ ಇದೆಯಲ್ಲ. ಆಕೆ ಎಲ್ಲಿ? ಆಕೆ ತರಲಿ."

ಚಾಂದಬಿ ನೀವು ಹೇಳಿದಂತೆ ಕೊಡದ ಪಕ್ಕದಲ್ಲೇ ಕೂತಿದ್ದಳು. ಹುಡುಗಿಯರೆಲ್ಲ ಕೊಡದ ಕಡೆ ತಿರುಗಿದರು. ಆಕೆ ಕೊಡಕ್ಕೆ ಕೈ ಹಾಕಿದರೆ ಮೂವತ್ನಾಲ್ಕು ಹುಡುಗಿಯರೂ ಮನೆಗೆ ಹೋಗಿ ಹೇಳುತ್ತಾರೆ, ನಾಳೆಯಿಂದ ಅರ್ಧ ಜನ ಬರುವುದಿಲ್ಲ. ಹಾಕದಿದ್ದರೆ ಬಾಯಿಯವರು ಬರೆದುಕೊಳ್ಳುತ್ತಾರೆ. ಎರಡೂ ಕಡೆ ಶಾಲೆಯೇ ಹೋಗುವುದು. ಚಾಂದಬಿ ನನ್ನ ಕಡೆ ಒಮ್ಮೆ ನೋಡಿದಳು, ಸೆರಗು ಸರಿಮಾಡಿಕೊಂಡಳು, ಎದ್ದು ಹೊರಗೆ ಹೋದಳು. ಓಡಿಹೋದಳೆಂದೇ ತಿಳಿದೆ.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಕಟ್ಟೆಯ ಕೆಳಗಿನಿಂದ ಆಕೆಯ ಕೂಗು ಕೇಳಿಸಿತು. ದಿನಾ ಬೆಳಿಗ್ಗೆ ಕೂಗುವ ಅದೇ ದನಿ. "ಗುಂಡಮ್ಮಾ, ಇವತ್ತ ಮಗಳಲ್ಲ, ನೀನೇ ಬಾ. ತುಂಬಿದ ಕೊಡ ತಗೊಂಡು ಬಾ. ನಾ ಕರಕೊಂಡು ಹೋಗ್ತೀನಿ, ನಾನೇ ವಾಪಸ್ ಬಿಡ್ತೀನಿ."

ನಾನು ಈ ಊರಿಗೆ ಬಂದಾಗಿನಿಂದ ಗುಂಡಮ್ಮ ಒಮ್ಮೆಯೂ ಶಾಲೆಯ ಹೊಸ್ತಿಲು ದಾಟಿದವರಲ್ಲ. ಮನೆ ಅವರದೇ, ಆದರೂ. ನಿನ್ನೆ ಒಂದು ಕೈ ಚಾಂದಬಿಯ ಕೈಯಲ್ಲಿ, ಸೊಂಟದ ಮೇಲೆ ತಾಮ್ರದ ಕೊಡ, ತಲೆಯ ಮೇಲೆ ಸೆರಗು, ಮೂವತ್ತೈದನೆಯ ಹುಡುಗಿಯಂತೆ ಒಳಗೆ ಬಂದರು. ಬಾಯಿಯವರಿಗೆ ತಂಬಿಗೆಯಲ್ಲಿ ನೀರು ಕೊಟ್ಟರು. ಬಾಯಿಯವರು ಕುಡಿದರು. ಆಮೇಲೆ ಚಾಂದಬಿಯನ್ನು ಕೇಳಿದರು: "ನೀರು ತರುವುದು ನಿನ್ನ ಕೆಲಸವಲ್ಲವೇ?"

ಚಾಂದಬಿ ಹೆದರಲಿಲ್ಲ. "ನನ್ ಕೆಲಸ ಕರಿಯೂದು ಬಾಯೀಜಿ. ದಿನಾ ಹುಡುಗ್ಯಾರ್ನ ಕರೀತೀನಿ. ಇವತ್ತ ನೀರು ಕರದೀನಿ."

ಬಾಯಿಯವರು ಕೊಡವನ್ನೂ ಬಂಡೆಮ್ಮನನ್ನೂ ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂದು ನನಗೆ ತಿಳಿಯಿತು. ಅಷ್ಟರಲ್ಲಿ ಗುಂಡಮ್ಮ, ಕೊಡ ಇಳಿಸಿದವರು ಹೋಗಬೇಕಲ್ಲ, ಹೋಗಲಿಲ್ಲ. ಗೋಡೆಗೆ ಆತು ಕೂತರು. ಬಾಯಿಯವರು ಬಂಡೆಮ್ಮನಿಗೆ ಓದಲು ಹೇಳಿದರು. ಅವಳು ಎದ್ದು ನಿಂತು ತಡವರಿಸದೆ ಒಂದು ಪಾಠ ಪೂರ್ತಿ ಓದಿದಳು. ಗುಂಡಮ್ಮನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. "ಇಕೀ ನನ್ ಮಗಳಾ? ಮನಿಯಾಗ ಕೇಳಿದ್ರ ಏನೂ ಬರಂಗಿಲ್ಲಂತಾಳ!" ಎಂದು ಚಾಂದಬಿಯ ತೋಳು ಹಿಡಿದು ಅಲುಗಿಸಿದರು. ಆಗ ಬಾಯಿಯವರು ನಕ್ಕರು. ಸಣ್ಣಗೆ, ಆದರೆ ನಕ್ಕರು.

ಹೊರಡುವಾಗ ನನಗೆ ಹೇಳಿದ್ದು ಇಷ್ಟು: "ಶಾಲೆ ಇರಲಿ ಎಂದು ಬರೆಯುತ್ತೇನೆ. ನೀರಿನ ಹುದ್ದೆಯೂ ಇರಲಿ. ನಾನು ಮೂರು ಜಿಲ್ಲೆ ತಿರುಗಿದೆ, ಹುಡುಗಿಯ ಹಿಂದೆ ತಾಯಿಯೂ ಶಾಲೆಗೆ ಬಂದದ್ದು ಇಲ್ಲಿ ಮಾತ್ರ ನೋಡಿದೆ. ಇದನ್ನು ಯಾವ ಹುದ್ದೆಯ ಕೆಳಗೆ ಬರೆಯಬೇಕೋ ನನಗೂ ತಿಳಿಯದು."

ಈಗ ಹೊಸ ತೊಂದರೆ ಹತ್ತಿದೆ. ಗುಂಡಮ್ಮನ ಸುದ್ದಿ ಊರೆಲ್ಲ ಹಬ್ಬಿ, ಇಂದು ಬೇರೊಬ್ಬ ತಾಯಿ ತಾನು ನೀರು ತರುತ್ತೇನೆಂದು ಬಂದಳು. ಸೋಮವಾರಕ್ಕೆ ಇನ್ನೊಬ್ಬಳು ಹೇಳಿಟ್ಟಿದ್ದಾಳೆ. ನೀರು ತಂದವಳು ತಿರುಗಿ ಹೋಗುವುದಿಲ್ಲ, ಮಗಳ ಪಕ್ಕದಲ್ಲೇ ಕೂರುತ್ತಾಳೆ. ಮಗ್ಗಿ ಹೇಳಿಸುವಾಗ ಇಂದಿನವಳ ದನಿಯೇ ದೊಡ್ಡದಾಗಿತ್ತು. ಬಂಡೆಮ್ಮನ ವರದ ಮಾತು ಸದ್ಯಕ್ಕೆ ನಿಂತಿದೆ.

ಕೊನೆಯದಾಗಿ ಒಂದು. ನಿನ್ನೆ ಎಲ್ಲರೂ ಹೋದ ಮೇಲೆ ಚಾಂದಬಿ ತನ್ನ ಮಗಿಯಿಂದ ನೀರು ಕುಡಿಯುತ್ತಿದ್ದಳು. ನನಗೂ ಕೊಡು ಎಂದೆ. ಆಕೆ ಮಗಿಯ ಅಂಚನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಕುಡಿದೆ. ಈ ನಾಲ್ಕು ಸಾಲು ಅತ್ತೆಯವರಿಗೆ ಓದಬೇಡಿರಿ.

ನಿಮ್ಮ
ವಿಮಲಾ


ಕಲಬುರಗಿ
೨೯ ಡಿಸೆಂಬರ್ ೧೯೫೨

ಪ್ರಿಯ ವಿಮಲಾ,

ಕಾಗದವನ್ನು ಅವ್ವನಿಗೆ ಎರಡು ಸಲ ಓದಿದೆ. ಕೊನೆಯ ಸಾಲುಗಳನ್ನು ಎರಡು ಸಲವೂ ಬಿಟ್ಟೆ. ಎರಡನೆಯ ಸಲ ಅವ್ವ, "ಅಲ್ಲಿ ಏನೋ ನುಂಗಿದಿ ನೀ" ಎಂದಳು. ಏನಿಲ್ಲ, ನೀರು ಎಂದೆ. ಅವಳು, "ಕುಡದಿದ್ರ ಕುಡೀಲಿ ಬಿಡು. ಆಕಿ ಕರೀಲಿಲ್ಲಂದ್ರ ನಮ್ಮ ಸೊಸಿ ಸಾಲಿ ಎಲ್ಲಿರ್ತಿತ್ತು" ಎಂದಳು. ಈ ಮುದುಕಿಯ ಮುಂದೆ ನಾವಿಬ್ಬರೂ ಇಷ್ಟು ದಿನ ಏನನ್ನು ಮುಚ್ಚಿಟ್ಟೆವೋ ಶಿವನೇ ಬಲ್ಲ.

ಈಗ ನಾನು ನಿನ್ನಿಂದ ಮುಚ್ಚಿಟ್ಟದ್ದು. ಎರಡನೆಯ ಸುತ್ತಿನಲ್ಲಿ ನಮ್ಮ ಕಚೇರಿಯಿಂದ ಇಬ್ಬರು ಹೋಗಬೇಕಿತ್ತು. ಒಬ್ಬ ಇನಾಯತ್, ಇನ್ನೊಬ್ಬ ನಾನು. ನವೆಂಬರಿನಲ್ಲೇ ತಿಳಿದಿತ್ತು. ನಿನಗೆ ತಪಾಸಣೆಯ ಚಿಂತೆ ಇರುವಾಗ ಇದೊಂದು ಏಕೆಂದು ಬರೆಯಲಿಲ್ಲ. ನಮ್ಮ ಹೆಸರಿದ್ದ ಕಾಗದವನ್ನು ಬರೆದವನೂ ಯಾವನೋ ನನ್ನಂಥವನೇ ಇರಬೇಕು, ಮನ ನೊಂದು ಬರೆದಿರುತ್ತಾನೆ, ಅಥವಾ ಯಾರನ್ನೋ ಉಳಿಸಿದೆನೆಂದು ಪೇಡೆ ತಂದಿರುತ್ತಾನೆ. ನಾನು ಸಿಟ್ಟಾಗುವ ಹಕ್ಕು ಕಳೆದುಕೊಂಡಿದ್ದೇನೆ. ಆದರೆ ಚಾಂದಬಿ ನಿನ್ನನ್ನು ಕೇಳಿದ ಮಾತು ನನ್ನ ಬಾಯಿಗೂ ಬಂತು: ನನ್ನ ಕೈಯಲ್ಲಿ ಏನಾದರೂ ತಪ್ಪಾಯಿತೇ? ಸಾಹೇಬರನ್ನು ಕೇಳಿಬಿಟ್ಟೆ. ಅವರು ಕಿಟಕಿಯ ಕಡೆ ನೋಡಿದರು. ಶೇಂಗಾದ ದರವನ್ನಾದರೂ ಹೇಳಬಹುದಿತ್ತು.

ಇನಾಯತ್ ಹೈದರಾಬಾದಿನ ಅಣ್ಣನ ಅಂಗಡಿಗೆ ಹೊರಟ. ನನಗೆ ಒಂದು ದಾರಿ ತೋರಿಸಿದರು. ಕಮಲಾಪುರದ ಗಂಡುಮಕ್ಕಳ ಶಾಲೆಯಲ್ಲಿ ಒಬ್ಬ ಉಪಾಧ್ಯಾಯರ ಜಾಗ ಖಾಲಿ ಇದೆಯಂತೆ. ಪಗಾರ ಕಡಿಮೆ, ಕುರ್ಚಿಗೆ ಬೆನ್ನಿಲ್ಲ, ಬೇಕಾದರೆ ಹೋಗು ಎಂದರು. ಒಂದು ದಿನ ಸುಳ್ಳೇ ಯೋಚಿಸಿದಂತೆ ಮಾಡಿದೆ. ನಿಜ ಹೇಳಲೇ? ಊರಿನ ಹೆಸರು ಕೇಳಿದೊಡನೆ ಒಪ್ಪಿಕೊಂಡಾಗಿತ್ತು.

ಅವ್ವನಿಗೆ ಹೇಳಲು ಅಂಜಿದ್ದೆ. ಬಾಳಿದ ಓಣಿ, ಗುಡಿಯ ಘಂಟೆ ಬಿಟ್ಟು ಬರುತ್ತಾಳೆಯೇ? ಅವಳು ಕೈಯಲ್ಲಿದ್ದ ರೊಟ್ಟಿ ತಟ್ಟಿ ಮುಗಿಸಿ, "ಸೊಸಿ ಮನಿಗಿ ಬರಂಗಿಲ್ಲಂದ್ರ ಮನೀನೇ ಸೊಸಿ ಕಡಿ ಹೋಗ್ಲಿ" ಎಂದು ಮರುದಿನದಿಂದಲೇ ಡಬ್ಬಿಗಳನ್ನು ಗೋಣಿಗೆ ತುಂಬಲು ಶುರು ಮಾಡಿದಳು. ನಿನ್ನ ಶಾಲೆಗೆ ಒಂದು ದಿನ ತಾನೂ ನೀರು ತರುತ್ತಾಳಂತೆ. ತಂದವಳು ತಿರುಗಿ ಹೋಗುವುದಿಲ್ಲ ಎಂದು ಬರೆದಿದ್ದೆಯಲ್ಲ, ಎಚ್ಚರಿಕೆ ಇರಲಿ.

ಸಂಕ್ರಾಂತಿಗೆ ಮೊದಲಿನ ಶನಿವಾರ ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಮೋಟಾರಿಗೆ ಹೊರಡುತ್ತೇವೆ. ಹೊಸ ಊರು, ಹೊಸ ಕೆಲಸ. ಯಾರಾದರೂ ಕರೆಯಲು ಬಾರದೆ ಬೀದಿಗಿಳಿಯಬಾರದು ಎಂಬ ಪದ್ಧತಿ ನಿಮ್ಮಲ್ಲಿ ಇದೆಯಂತೆ. ಚಾಂದಬಿಗೆ ಹೇಳು: ಮೋಟಾರು ನಿಲ್ಲುವಲ್ಲಿಗೆ ಬಂದು ನನ್ನನ್ನು ನಿನ್ನ ಬಾಗಿಲಿಗೆ ಮುಟ್ಟಿಸಲಿ. ಸಂಜೆ ವಾಪಸ್ ಕೊಡುವುದು ಬೇಡ.

ನಿನ್ನ
ಸೂರ್ಯಕಾಂತ